ಹೊನ್ನಕ್ಕ ಮುಟ್ಟಿದ ನಲ್ಲಿ

"ಆ ನಲ್ಲಿ ಮುಟ್ಟಿದ್ದು ಯಾರು?" ಎಂದು ಶೇಷಮ್ಮ ಕೇಳಿದಾಗ ಶ್ರೀನಿವಾಸಮೂರ್ತಿಗೆ ಪ್ರಶ್ನೆಯೇ ತಲೆಗೆ ಹೋಗಲಿಲ್ಲ. ನಲ್ಲಿಯನ್ನು ಪಾತ್ರೆ ತೊಳೆಯುವವರು ಮುಟ್ಟದೆ ಇನ್ನಾರು ಮುಟ್ಟುತ್ತಾರೆ? ಶೃಂಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಹನ್ನೆರಡು ವರ್ಷದಿಂದ ಊಟದ ಹೋಟೆಲು ನಡೆಸುತ್ತಿದ್ದವನಿಗೆ ಅಡುಗೆಯ ಶೇಷಮ್ಮನ ಸಿಟ್ಟೇನೂ ಹೊಸದಲ್ಲ. ಆದರೆ ಇವತ್ತು ಅವರು ತೊಳೆದ ಪಾತ್ರೆಗಳನ್ನೆಲ್ಲ ಹೊಸ್ತಿಲಾಚೆಗೇ ತಡೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಟ್ಟಿದ್ದರು. ಗಂಟೆ ಹನ್ನೊಂದು. ಕಿಗ್ಗಕ್ಕೆ ಹೋದ ಯಾತ್ರಿಕರ ಬಸ್ಸು ಹನ್ನೆರಡೂವರೆಗೆ ಬರುವುದಿತ್ತು. ಅರವತ್ತು ಊಟ. ಒಳಗೆ ಸಾರು ಮಾಡಲೂ ಪಾತ್ರೆಯಿಲ್ಲ.

"ಹೊನ್ನಕ್ಕ ಮುಟ್ಟಿದ್ದು. ಮತ್ಯಾರು ಮುಟ್ಟಬೇಕಿತ್ತು?"

"ನಾನು!" ಎಂದರು ಶೇಷಮ್ಮ.

ಪಾಪ, ಮೂರ್ತಿ ಒಳ್ಳೆಯದನ್ನೇ ಮಾಡಲು ಹೋಗಿದ್ದ. ಅಡ್ಡಗದ್ದೆಯಿಂದ ಬಂದು ಪಾತ್ರೆ ತೊಳೆಯುವ ಹೊನ್ನಕ್ಕನ ಬಲತೋಳು ಮೇಲೇಳದ ಹಾಗಾಗಿ, ಅವಳು ದೀಪಾವಳಿಗೆ ಕೆಲಸ ಬಿಡುತ್ತೇನೆ ಎಂದಿದ್ದಳು. ಅವಳು ಬಿಟ್ಟರೆ ಹೋಟೆಲಿಗೆ ಬೀಗವೇ ಸರಿ. ಅದಕ್ಕೇ ಶಿವಮೊಗ್ಗಕ್ಕೆ ಹೋಗಿ, ದೊಡ್ಡ ಹೋಟೆಲಿನವರು ಹಾಕಿಸುವ ಸ್ಪ್ರಿಂಗ್ ನಲ್ಲಿ ಬೇಕು ಎಂದ. ಅಂಗಡಿಯವನು ಗೋಡೆಗೋ ಕಟ್ಟೆಗೋ, ಟ್ಯಾಂಕು ಎಷ್ಟು ಎತ್ತರ, ಪ್ರೆಶರ್ ಎಷ್ಟು, ಪೈಪು ಎಷ್ಟುದ್ದ ಎಂದು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ತಲೆ ಚಿಟ್ಟು ಹಿಡಿಸಿದ. ಕೊನೆಗೆ, ಸ್ಪ್ರಿಂಗ್ ಸುತ್ತಿದ ಪೈಪಿನ ತುದಿಯಲ್ಲಿ ಹಿಡಿ ನೇತಾಡುವ, ಅದನ್ನು ಒತ್ತಿದರೆ ನೀರು ರಪರಪನೆ ಬಡಿದು ಅಂಟಿದ ಅನ್ನವನ್ನೆಲ್ಲ ಕಿತ್ತುಹಾಕುವಂಥದ್ದೊಂದನ್ನು ಮೂರ್ತಿ ತಂದ. ಆ ಹಿಡಿ ಒತ್ತುವವರು ಯಾರು ಎಂದು ಅಂಗಡಿಯವನೂ ಕೇಳಲಿಲ್ಲ, ಇವನಿಗೂ ಹೊಳೆಯಲಿಲ್ಲ. ಮಗಳ ಬಾಣಂತನಕ್ಕೆಂದು ಮೇಗುಂದಕ್ಕೆ ಹೋಗಿದ್ದ ಶೇಷಮ್ಮ ಎಂಟು ದಿನದ ಮೇಲೆ ಇವತ್ತೇ ಬಂದದ್ದು.

"ಹನ್ನೆರಡು ವರ್ಷ ಕಣ್ಣು ಎಲ್ಲಿಟ್ಟಿದ್ದೆ ಮಾಣಿ? ಅವಳು ಉಜ್ಜಿಟ್ಟು 'ಅಮ್ಮ, ನೀರು' ಅಂತ ಕೂಗ್ತಾಳೆ. ನಾನು ಹೋಗಿ ನಲ್ಲಿ ಬಿಡ್ತೇನೆ. ಮುಸುರೆ ಕೈಯಲ್ಲಿ ನಲ್ಲಿ ಮುಟ್ಟಿದ್ರೆ ನೀರೂ ಮುಸುರೆ, ಪಾತ್ರೆಯೂ ಮುಸುರೆ."

ದಿನಕ್ಕೆ ನೂರು ಸಲ ಕೂಗಿದ್ದಿರಬೇಕು, ಒಂದು ಸಲವೂ ಮೂರ್ತಿಯ ಕಿವಿಗೆ ಬಿದ್ದಿರಲಿಲ್ಲವಲ್ಲ!

"ಹಾಗಾದ್ರೆ ಆ ನಲ್ಲಿಯನ್ನೇ ತೊಳೆದ್ರಾಯ್ತು."

"ಎಂತದ್ರಲ್ಲಿ?"

"ಅದರದ್ದೇ ನೀರಲ್ಲಿ."

"ಅದನ್ನ ಒತ್ತೋದು ಯಾರು?"

ಮೂರ್ತಿ ಬೆರಳು ಮಡಚಿ ಲೆಕ್ಕ ಹಾಕಿದ. ಶುದ್ಧ ಕೈ ಮುಸುರೆ ನಲ್ಲಿಯನ್ನು ಮುಟ್ಟಿದರೆ ಕೈ ಮುಸುರೆ. ಆ ಕೈಯನ್ನು ತೊಳೆಯಲು ಮತ್ತೆ ಅದೇ ನಲ್ಲಿ. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತೇಹೋಯಿತು. ಸಹಾಯಕ್ಕೆಂದು ಹಿತ್ತಲಿನ ತೊಟ್ಟಿಯ ಕಡೆ ನೋಡಿದ. ಹೊನ್ನಕ್ಕ ಕೈಯಲ್ಲಿ ನಾರು ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

"ತೋಳಿಗೆ ಸುಮಾರು ಆರಾಮಾಗಿದೆ ಅಯ್ಯಾ," ಎಂದಳು. "ಆದ್ರೆ ಕೂಗಿ ಕೂಗಿ ಕಾಯೋದು ತಪ್ಪಿತಲ್ಲ, ಅದೇ ಹೆಚ್ಚು ಆರಾಮ. ಇನ್ನು ಮತ್ತೆ ಕೂಗೋ ಹಾಗಿದ್ರೆ, ನಾನು ದೀಪಾವಳಿ ತನಕ ಇರೋದಿಲ್ಲ."

ಹೊಸ್ತಿಲಲ್ಲಿ ಒಬ್ಬರು, ತೊಟ್ಟಿಯ ಬಳಿ ಒಬ್ಬಳು. ಅಡುಗೆಯವರು ಹೋದರೂ ಕೆಟ್ಟ, ತೊಳೆಯುವವಳು ಹೋದರೂ ಕೆಟ್ಟ. ಯಾರ ಮಾತು ಸರಿ ಎಂದು ಯೋಚಿಸಹೊರಟರೆ ಇಬ್ಬರದ್ದೂ ಸರಿಯೆನಿಸಿ, ಮರುಗಳಿಗೆ ಇಬ್ಬರ ಮೇಲೂ ರೇಗುತ್ತಿತ್ತು. ಗಡಿಯಾರವಂತೂ ಯಾರ ಮಾತನ್ನೂ ಕೇಳದೆ ಓಡುತ್ತಿತ್ತು. ಕಡೆಗೆ ಅವನೇ ಒಳಗಿನಿಂದ ಒಂದು ಚೊಂಬು ನೀರು ತಂದು ಸ್ಪ್ರಿಂಗ್ ನಲ್ಲಿಯ ನೆತ್ತಿಯಿಂದ ಹಿಡಿಯವರೆಗೆ ಸುರಿದ.

"ಈಗ ಶುದ್ಧ ಆಯ್ತಾ? ಶೇಷಮ್ಮ, ಹಿಡಿ ನೀವೇ ಒತ್ತಿ. ಹೊನ್ನಕ್ಕ, ಇವತ್ತೊಂದು ದಿನ ನೀನು ಉಜ್ಜಿ ಕೊಡು, ಸಾಕು. ದಮ್ಮಯ್ಯ."

ಹೊನ್ನಕ್ಕ ತುಟಿ ಬಿಗಿದು ಪಕ್ಕಕ್ಕೆ ಸರಿದಳು. ಶೇಷಮ್ಮ ಗೆದ್ದವರ ಹಾಗೆ ಇಳಿದು ಬಂದರು.

"ಅಮ್ಮ, ಅದರ ತೂತೆಲ್ಲ ತುಕ್ಕಿನ ಕೆಸರಿಗೆ ಕಟ್ಟಿದೆ. ವಾರಕ್ಕೊಂದು ಸಲ ಬಿಚ್ಚಿ ಹುಳಿ ನೀರಲ್ಲಿ ಹಾಕ್ಬೇಕು ಅಂತ ಹಾಕಿಸಿದವನು ಹೇಳಿದ್ದ, ಅಯ್ಯ ಮರೆತಿದ್ದಾರೆ. ನೀರು ಓರೆ ಹಾರ್ತದೆ. ಬಗ್ಗಿಸಿ ಹಿಡೀರಿ," ಎಂದಳು ಹೊನ್ನಕ್ಕ.

"ನೀರು ಬಿಡೋದು ನಂಗೆ ಹೇಳಿಕೊಡ್ತೀಯಾ?" ಎಂದ ಶೇಷಮ್ಮ ಹಿಡಿಯನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದರು. ತೊಟ್ಟಿಯಲ್ಲಿ ಉಪ್ಪಿನಕಾಯಿ ಬಡಿಸಿದ ಸೌಟು ಅಂಗಾತ ಬಿದ್ದಿತ್ತು. ಓರೆ ಹಾರಿದ ನೀರು ನೇರ ಅದರ ಗುಳಿಗೆ ಬಡಿದು, ಖಾರ, ಎಣ್ಣೆ, ಎಂಜಲನ್ನೆಲ್ಲ ಹೊತ್ತು ಶೇಷಮ್ಮನ ಮುಖಕ್ಕೇ ವಾಪಸು ಬಂತು.

"ಅಯ್ಯಯ್ಯೋ, ಕಣ್ಣು!"

ಹಿಡಿ ಕೈಜಾರಿ ಸ್ಪ್ರಿಂಗಿನ ತುದಿಯಲ್ಲಿ ಓಲಾಡತೊಡಗಿತು. ಶೇಷಮ್ಮ ಎರಡೂ ಕಣ್ಣು ಮುಚ್ಚಿ ತಡಕಾಡಿದರು, ಸಿಗಲಿಲ್ಲ. ಮೂರ್ತಿ ಚೊಂಬಿನೊಳಗೆ ನೋಡಿದ. ಖಾಲಿ. ಒಳಗೆ ಓಡಬೇಕೋ, ನಲ್ಲಿಗೆ ಕೈ ಹಾಕಬೇಕೋ, ಹಾಕಿದರೆ ತನ್ನ ಕೈ ಈಗ ಯಾವ ಲೆಕ್ಕಕ್ಕೆ ಎಂದು ತಿಳಿಯದೆ ಅಲ್ಲೇ ನಿಂತ.

"ಹೊನ್ನೀ, ನೀರು!" ಎಂದು ಶೇಷಮ್ಮ ಬೊಗಸೆ ಒಡ್ಡಿ ಕೂಗಿದರು. "ನೀರು ಮಾರಾಯ್ತಿ!"

ಹೊನ್ನಕ್ಕ ಹಿಡಿಯ ಹತ್ತಿರ ಕೈ ತಂದಳು. ತಂದವಳು ಅಲ್ಲಿಯೇ, ಒಂದು ಅಂಗುಲದ ದೂರದಲ್ಲಿ, ನಿಲ್ಲಿಸಿದಳು. ಅವಳ ಮುಖದಲ್ಲಿ ನಗುವಿತ್ತೋ ಹೆದರಿಕೆಯಿತ್ತೋ, ಮೂರ್ತಿಗೆ ಕೊನೆಗೂ ತಿಳಿಯಲಿಲ್ಲ.

"ಮುಟ್ಟಲಾ ಅಮ್ಮ?" ಎಂದು ಕೇಳಿದಳು.