ಇಳಿಯದ ಗೆರೆ

ಲ್ಯಾಪ್‌ಟಾಪ್ ಪರದೆಯ ಮೇಲಿನ ನೀಲಿ ಗೆರೆ ಮಿಸುಕಲೇ ಇಲ್ಲ. ಮೊದಲ ಗಂಟೆ, ನಾಲ್ಕನೆಯ ಗಂಟೆ, ಹತ್ತನೆಯ ಗಂಟೆ. ಪರದೆಯೊಳಗಿನ ಲೆಕ್ಕದ ಸಿಲಿಂಡರಿನಿಂದ ಆಮ್ಲಜನಕ ಹೋಗುತ್ತಲೇ ಇತ್ತು, ಒತ್ತಡ ಮಾತ್ರ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆಫೀಸಿನ ಕೆಲಸವನ್ನು ಮನೆಗೆ ತಂದುಕೊಂಡು ಅಪ್ಪನ ಮಂಚದ ಪಕ್ಕವೇ ಕೂತಿದ್ದ ಮಗಳಿಗೆ ಅದನ್ನು ನೋಡುವುದೇ ಹಿತವಾಗಿತ್ತು. ಮಧ್ಯಾಹ್ನದ ಬಿಸಿಲು ಅಪ್ಪನ ಹೊದಿಕೆಯ ಮೇಲೆ ಮಲಗಿತ್ತು. ಅವರ ಉಸಿರಿಗೆಂದು ಇಟ್ಟಿದ್ದ ನಿಜವಾದ ಸಿಲಿಂಡರಿಗೆ ಜೋಡಿಸಿದ ನೀರಿನ ಬಾಟಲಿಯಲ್ಲಿ ಗುಳ್ಳೆಗಳು ಗುಳುಗುಳು ಎನ್ನುತ್ತಿದ್ದವು. ಆ ಸದ್ದಿಗೆ ಅವಳ ಕಣ್ಣು ಎಳೆಯುತ್ತಿತ್ತು. ಇಡೀ ಮನೆಯೇ ಉಸಿರಾಡುತ್ತ ಎಲ್ಲಿಗೋ ತೇಲಿಹೋಗುತ್ತಿದೆ, ಯಾವ ದಡವನ್ನೂ ಮುಟ್ಟಬೇಕಾಗಿಲ್ಲ ಎನಿಸುತ್ತಿತ್ತು.

“ಏನೇ ಅದು, ಅಷ್ಟು ಹೊತ್ತಿಂದ ನೋಡ್ತಿದ್ದೀಯ?” ಅಪ್ಪ ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತ ಕೇಳಿದರು.

“ಆಂಬುಲೆನ್ಸಲ್ಲಿ ಇಡೋ ಸಿಲಿಂಡರ್ ಅಪ್ಪ. ಎಷ್ಟು ಹೊತ್ತು ಬರುತ್ತೆ ಅಂತ ಲೆಕ್ಕ. ಸಂಜೆಯೊಳಗೆ ಕಳಿಸ್ಬೇಕು. ಇದನ್ನ ನಂಬ್ಕೊಂಡೇ ಅವರು ರೋಗೀನ ಹತ್ತಿಸ್ಕೊಳ್ಳೋದು.”

ನಲವತ್ತು ವರ್ಷ ಗ್ಯಾಸ್ ವೆಲ್ಡಿಂಗ್ ಮಾಡಿದ ಮನುಷ್ಯ. ಕನ್ನಡಕ ಏರಿಸಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಖಾಲೀನೇ ಆಗದ ಸಿಲಿಂಡರ್! ನನ್ನ ಸರ್ವೀಸಲ್ಲಿ ಒಂದೂ ಕಾಣ್ಲಿಲ್ಲ ಕಣೇ. ಯಾವ ಅಂಗಡೀಲಿ ಸಿಗುತ್ತೆ ಹೇಳು, ನನಗೂ ಒಂದು ತರ್ಸು.”

ಮಗಳ ಮಂಪರು ಹಾರಿಹೋಯಿತು. ಅನಿಲ ತುಂಬಿಡಲು ಅವಳು ಲೆಕ್ಕ ಹಾಕುವ ತಂತ್ರಾಂಶದಲ್ಲಿ ಮೂರು ಬಗೆ: ಗಾತ್ರ ಬದಲಾಗದ ಕೋಣೆ, ಗೋಡೆ ಸರಿಯುವ ಕೋಣೆ, ಮತ್ತೆ ಎಷ್ಟು ತೆಗೆದರೂ ತೀರದ ಭಂಡಾರ. ರೋಗಿಯ ಶ್ವಾಸಕೋಶಕ್ಕೆ ಸರಿಯುವ ಗೋಡೆ ಕೊಟ್ಟಿದ್ದಳು, ಅದು ಸರಿ. ಭಂಡಾರವಿರುವುದು ಹೊರಗಿನ ಬಯಲ ಗಾಳಿಗೆ. ಅದನ್ನೇ ಸಿಲಿಂಡರಿಗೂ ಇಟ್ಟುಬಿಟ್ಟಿದ್ದಳು. ಹೊಸಬರೂ ಮಾಡದ ತಪ್ಪು. ಕೈತಪ್ಪಿ ಆದದ್ದು ಎಂದುಕೊಳ್ಳಲು ನೋಡಿದಳು. ಆದರೆ ಬೆಳಿಗ್ಗೆ ಅಪ್ಪನ ಸಿಲಿಂಡರಿನ ಒತ್ತಡದ ಮುಳ್ಳು ಇಳಿದದ್ದನ್ನು ನೋಡಿ ಬಂದು ಕೂತವಳು, ಇನ್ನೊಂದು ಇಳಿಯುವುದನ್ನು ನೋಡಲಾರದೆ ಅದನ್ನು ಆರಿಸಿದ್ದಳು.

ಭಂಡಾರವನ್ನು ಅಳಿಸಿ, ಗಾತ್ರ ಬದಲಾಗದ ಕೋಣೆಯನ್ನು ತಂದಿಟ್ಟು ಸಿಲಿಂಡರಿನ ಅಳತೆ ತುಂಬಿದಳು. ಗೆರೆ ಕ್ಷಣ ತಡೆದು, ಇಳಿಜಾರಿನಲ್ಲಿ ಮಾತಾಡುತ್ತ ನಡೆದುಹೋಗುವವರ ಹಾಗೆ ಮೆಲ್ಲಗೆ ಇಳಿಯತೊಡಗಿತು. ಲೆಕ್ಕದ ಎರಡು ಗಂಟೆ ನಲವತ್ತು ನಿಮಿಷಕ್ಕೆ ತಳ ಮುಟ್ಟಿ ನಿಂತಿತು. ಅಪ್ಪನೂ ನೋಡುತ್ತಿದ್ದಾರೆಂದು ಗೊತ್ತಾಗಿ ಅವಳು ಪರದೆಯನ್ನು ಆಚೆ ತಿರುಗಿಸಲು ಹೋದಳು.

“ಇರ್ಲಿ ಬಿಡೇ, ಈಗ ಸರಿಯಾಯ್ತು. ಕಳಿಸು,” ಎಂದರು ಅಪ್ಪ, ಮಂಚದಲ್ಲಿ ಸ್ವಲ್ಪ ಸರಿದು ಜಾಗ ಮಾಡುತ್ತ. “ಖಾಲಿಯಾಗುತ್ತೆ ಅಂತ ಗೊತ್ತಾಯ್ತಲ್ಲ. ಇನ್ನಾದ್ರೂ ಅದನ್ನ ಮುಚ್ಚಿಟ್ಟು ನನ್ನ ಹತ್ರ ಕೂತ್ಕೋ.”