ಚಕ್ರಕ್ಕೆ ಕೊಟ್ಟ ಕಲ್ಲು

ಕಾರಿನ ಕೆಳಗೆ ಅಂಗಾತ ಮಲಗಿದ್ದ ತಿರುಮಲೇಶರಿಗೆ ಮೊದಲು ಕಂಡದ್ದು ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಅದು ಬಂದು ಹಿಂದಿನ ಚಕ್ರದ ಪಕ್ಕ ನಿಂತಿತು. ಅದರೊಳಗಿನ ಹೆಬ್ಬೆರಳು ಮುಂದೆ ಚಾಚಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಕಳೆದುಹೋದ ಕರುವಿನ ಗುರುತು ಹಿಡಿಯುವಂತೆ ಮುಟ್ಟಿ ನೋಡಿತು.

"ಸಾರ್, ಇದು ನನ್ ಕಲ್ಲಲ್ವಾ?"

ಎದುರು ಮನೆಯ ಬೋರಣ್ಣ. ಬನಶಂಕರಿಯ ಈ ರಸ್ತೆ ರಾಗಿ ಹೊಲವಾಗಿದ್ದಾಗಿನಿಂದಲೂ ಇಲ್ಲೇ ಇರುವ ಮನೆತನ. ಈಗ ಮೂರು ಮಹಡಿ, ಆರು ಬಾಡಿಗೆದಾರರು, ಗೇಟಿನ ಮುಂದೆ ಸುಣ್ಣ ಬಳಿದ ಎರಡು ಸೈಜುಗಲ್ಲು. ಒಂದರ ಮೇಲೆ ಕೆಂಪು ಬಣ್ಣದಲ್ಲಿ 'ನೋ', ಇನ್ನೊಂದರ ಮೇಲೆ 'ಪಾರ್ಕಿಂಗ್'. ಬೆಳಿಗ್ಗೆ ಆರೂವರೆಗೆ ತಿರುಮಲೇಶರು ಎರಡನ್ನೂ ಸದ್ದಿಲ್ಲದೆ ಉರುಳಿಸಿಕೊಂಡು ತಂದಿದ್ದರು. ಎಂಜಿನ್ ಆಯಿಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಎಂದಿದ್ದ ವೀಡಿಯೋದವನು. ಈಗ ಹತ್ತೂವರೆ. ಹಳೆಯ ಫಿಲ್ಟರ್ ಜಪ್ಪಯ್ಯ ಅಂದರೂ ಕದಲಿರಲಿಲ್ಲ.

ವೀಡಿಯೋದವನು ಹೇಳಿದ್ದನ್ನೆಲ್ಲ ಅವರು ಚಾಚೂ ತಪ್ಪದೆ ಮಾಡಿದ್ದರು. ಬರೀ ಜಾಕ್ ನಂಬಿ ಕೆಳಗೆ ನುಗ್ಗಿರಲಿಲ್ಲ. ಮುಂಭಾಗವನ್ನು ಎತ್ತಿ, ಎರಡೂ ಕಡೆ ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಕಾರನ್ನು ಅಲ್ಲಾಡಿಸಿ ನೋಡಿದ್ದರು. 'ಸಮತಟ್ಟಾದ ನೆಲ' ಎಂಬ ಒಂದೇ ಒಂದು ಸಾಮಗ್ರಿ ಮಾತ್ರ ಆ ರಸ್ತೆಯಲ್ಲಿ ಸಿಕ್ಕಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಕಿರುಚುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಹಾಗಾಗಿ ಹಿಂದಿನ ಎರಡು ಚಕ್ರಕ್ಕೂ ಕಲ್ಲು. ಅದು ಸರಿದರೆ ಕಾರು ಸ್ಟ್ಯಾಂಡಿನಿಂದ ಜಾರಿ ಮೊದಲು ಅವರ ಎದೆಗೆ, ಆಮೇಲೆ ಇಳಿಜಾರಿನ ತುದಿಯಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇಳಿಜಾರು, ಘರ್ಷಣೆ ಎಂದು ಪಾಠ ಹೇಳಿದ್ದ ಮನುಷ್ಯ. ಆ ಪಾಠದ ಕೆಳಗೆ ತಾನೇ ಮಲಗಿದ್ದು ಇದೇ ಮೊದಲು.

"ಬೋರಣ್ಣ, ಮುಟ್ಟಬೇಡಿ! ಕೆಳಗೆ ನಾನಿದ್ದೀನಿ!"

"ಕಾಣ್ತಾ ಐತೆ ಸಾರ್. ನೀವ್ ಇರಿ, ನಂಗೆ ಕಲ್ಲು ಸಾಕು. ಹನ್ನೊಂದಕ್ಕೆ ಕೋಣನಕುಂಟೆಯಿಂದ ಬೀಗರು ಬರ್ತಾವ್ರೆ, ನಮ್ ಮಗ್ಳು ರಮ್ಯನ ನಿಶ್ಚಿತಾರ್ಥ. ದೊಡ್ಡ ಗಾಡಿ. ಕಲ್ಲಿಲ್ಲ ಅಂದ್ರೆ ಜಾಗ ಇರ್ತದಾ? ಆಗ್ಲೇ ಒಬ್ಬ ಇಂಡಿಕೇಟರ್ ಹಾಕ್ಕೊಂಡು ಬಂದಿದ್ದ, ಉಗಿದು ಓಡ್ಸಿದೀನಿ."

"ಬೇರೆ ಕಲ್ಲು ಇಡಿ."

"ಬೆಂಗ್ಳೂರಲ್ಲಿ ಕಲ್ಲೆಲ್ಲಿ ಸಾರ್? ಎಲ್ಲಾ ಟೈಲ್ಸು. ಹಿಂಗ್ ಮಾಡನ, ಒಂದು ನೀವ್ ಇಟ್ಕಳಿ, ಒಂದು ನಂಗ್ ಕೊಡಿ. 'ಪಾರ್ಕಿಂಗ್' ನಿಮ್ಗೇ ಇರ್ಲಿ. 'ನೋ' ಸಾಕು ನಂಗೆ."

ಆಗ ಕಾಲುಂಗುರವಿದ್ದ ಎರಡು ಪಾದಗಳು ಬಂದವು. ಹೆಂಡತಿ ಸತ್ಯಭಾಮಾ.

"ಹಲೋ ಫ್ರೆಂಡ್ಸ್!" ಎಂದು ಅವರು ಥೇಟ್ ವೀಡಿಯೋದವನ ಮೂಗಿನಲ್ಲೇ ರಾಗ ಎಳೆದರು. "ಇವತ್ತಿನ ಎಪಿಸೋಡಲ್ಲಿ, ಇಡ್ಲಿ ಹಿಟ್ಟಿನ ಬೇಸಿನ್ನಲ್ಲಿ ಕರೀ ಆಯಿಲ್ ಹಿಡಿಯೋದು ಹೇಗೆ ಅಂತ ನೋಡೋಣ!" ಆಮೇಲೆ ಸ್ವಂತ ಮೂಗಿಗೆ ಮರಳಿ, "ಬೋರಣ್ಣ, ಜಾಗಕ್ಕೆ ಒಂದು ಕುರ್ಚಿ ಇಟ್ರೆ ಆಗಲ್ವಾ?" ಎಂದರು.

"ಖಾಲಿ ಕುರ್ಚಿ ಎತ್ತಾಕ್ತಾರಮ್ಮ. ಮನ್ಸ ಕೂತಿದ್ರೆ ಮಾತ್ರ ಎತ್ತಲ್ಲ."

ನಾಲ್ಕು ಪಾದಗಳ ಬೆರಳುಗಳೂ ನಿಧಾನವಾಗಿ ಕಾರಿನ ಅಡಿಗೆ, ತಿರುಮಲೇಶರ ಕಡೆಗೆ ತಿರುಗಿದವು.

ಐದು ನಿಮಿಷದಲ್ಲಿ ತಿರುಮಲೇಶರು ಬೋರಣ್ಣನ ಗೇಟಿನ ಮುಂದೆ, ಆಯಿಲ್ ಮೆತ್ತಿದ ಬನಿಯನ್ನಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪ್ರತಿಷ್ಠಾಪಿತರಾಗಿದ್ದರು. ಕಾರೊಂದು ಬಂದು ಹಾರ್ನ್ ಹೊಡೆಯಿತು. "ಅಂಕಲ್, ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ?" "ಆಗಲ್ಲಮ್ಮ. ನಾನು ಕಲ್ಲು," ಎಂದರು. ಕಾರಿನಾಕೆ ಗಾಜು ಏರಿಸಿಕೊಂಡು ಹೋದಳು.

ಸತ್ಯಭಾಮಾ ಕಾಫಿ ತಂದರು. "ರೀ, ಆ ಫಿಲ್ಟರ್ ಯಾವಾಗ ಬಿಚ್ಚೋದು?"

"ಇಲ್ಲಿಂದ ಎದ್ದ ಮೇಲೆ."

"ಏಳೋದು ಯಾವಾಗ?"

"ಕಲ್ಲು ಇಲ್ಲಿಗೆ ಬಂದ ಮೇಲೆ."

"ಕಲ್ಲು?"

"ಫಿಲ್ಟರ್ ಬಿಚ್ಚಿದ ಮೇಲೆ."

ಸತ್ಯಭಾಮಾ ಲೋಟ ಅವರ ಕೈಗಿಟ್ಟು, ಕುರ್ಚಿಯ ಬೆನ್ನಿಗೆ ಒಂದು ಸಲ ತಟ್ಟಿ, ಒಳಗೆ ಹೋದರು.

ಹನ್ನೊಂದೂಕಾಲಿಗೆ ಬೀಗರ ಗಾಡಿ ಬಂತು. ಗಾಡಿಯಲ್ಲ, ಚಕ್ರವಿದ್ದ ಕಲ್ಯಾಣಮಂಟಪ. ತಿರುಮಲೇಶರು ಜೀವ ಬಂದಂತಾಗಿ ಕುರ್ಚಿ ಸರಿಸಿದರು. ಗಾಡಿ ಆ ಜಾಗದಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬೋರಣ್ಣ ರೇಷ್ಮೆ ಪಂಚೆಯಲ್ಲಿ, ಗಡಿಬಿಡಿಗೆ ಅದೇ ನೀಲಿ ಹವಾಯಿಯಲ್ಲಿ, ಕೈಮುಗಿದು ನಿಂತಿದ್ದರು. ಇಳಿದು ಬಂದ ಡ್ರೈವರ್ ರಸ್ತೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಸಖತ್ ಇಳಿಜಾರಿದೆ ಸಾರ್. ಗಾಡಿ ಹೊಸದು. ಚಕ್ರಕ್ಕೆ ಕೊಡೋಕೆ ಒಂದ್ ಕಲ್ಲು ಸಿಗುತ್ತಾ?"

ಬೋರಣ್ಣ ಬೀಗರ ಮುಖ ನೋಡಿದರು. ಆಮೇಲೆ ರಸ್ತೆಯ ಆ ಬದಿ ನೋಡಿದರು.

ತಿರುಮಲೇಶರು ಕಾಫಿ ಲೋಟ ಬಿಸಾಕಿ ಓಡಿದರು. ಓಡಿ, ಅಂಗಾತ ಬಿದ್ದು, ತೆವಳಿ ಕಾರಿನ ಕೆಳಗೆ ಸೇರಿಕೊಂಡರು. ಮನುಷ್ಯ ಕೆಳಗಿದ್ದರೆ ಮಾತ್ರ ಕಲ್ಲಿಗೆ ರಕ್ಷಣೆ ಎಂಬುದನ್ನು ಯಾವ ವೀಡಿಯೋದವನೂ ಹೇಳಿರಲಿಲ್ಲ. ಕತ್ತು ವಾಲಿಸಿ ನೋಡಿದರೆ, ರಸ್ತೆ ದಾಟಿ ನೀಲಿ ಚಪ್ಪಲಿ ಬರುತ್ತಿತ್ತು. ಅದರ ಹಿಂದೆ ಡ್ರೈವರನ ಕರೀ ಬೂಟು. ಅದರ ಹಿಂದೆ ಬೀಗರ ಜರಿಪಂಚೆಗಳ ಅಂಚು, ಸಾಲಾಗಿ.

ಚಪ್ಪಲಿ ಹಿಂದಿನ ಚಕ್ರದ ಪಕ್ಕ ನಿಂತಿತು. ಹೆಬ್ಬೆರಳು ಹೊರಬಂತು.

"ಸಾರ್, ಈಗ 'ನೋ' ನೀವೇ ಇಟ್ಕಳಿ. 'ಪಾರ್ಕಿಂಗ್' ಕೊಡಿ ಸಾಕು."