ಬಾಗಿಲು ಕೇಳುವ ತೂಕ

ಆ ಊರಿನ ಬಾಗಿಲುಗಳು ಮನೆಯವರನ್ನು ತೂಕದಿಂದಲೇ ಗುರುತು ಹಿಡಿಯುತ್ತಿದ್ದವು. ಮುಂದಿನ ಮೆಟ್ಟಿಲುಗಲ್ಲಿನ ಮೇಲೆ ನಿಂತರೆ ಸಾಕು, ಹೆಸರು ಕರೆದು ತೆರೆದುಕೊಳ್ಳುತ್ತಿದ್ದವು. ನಳಿನಾಕ್ಷಿಯ ಬಾಗಿಲಿಗೆ ತೀರಿಹೋದ ಅವಳ ಅಮ್ಮನ ದನಿಯಿತ್ತು. ನೂರಹತ್ತು ಕಿಲೋ ತೂಗುವ ಮಗಳು ಶಾಲೆಯಲ್ಲಿ ಪಾಠ ಹೇಳಿ ದಣಿದು ಬಂದರೆ, "ಬಂದ್ಯಾ ನಳಿನಿ? ಎಷ್ಟು ಸೊರಗಿದ್ದೀಯೇ!" ಎನ್ನುತ್ತಿತ್ತು.

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆದ ಮೇಲೆ ಐದು ತಿಂಗಳಲ್ಲಿ ಇಪ್ಪತ್ತೈದು ಕಿಲೋ ಇಳಿಯಿತು. ಈಗ ಅದೇ ದನಿ, "ಯಾರಮ್ಮ ನೀವು? ಮನೇಲಿ ಯಾರೂ ಇಲ್ಲ," ಎನ್ನುತ್ತಿತ್ತು. ಅದು ಸುಳ್ಳೂ ಅಲ್ಲ. ಹಿತ್ತಲ ಬಾಗಿಲಿಗೆ ದನಿಯಿಲ್ಲ, ಬರೀ ಬೀಗ. ಅವಳು ಕಳ್ಳಿಯ ಹಾಗೆ ಅಲ್ಲಿಂದ ಒಳಗೆ ಹೋಗಿ, ಅರ್ಧ ಬಟ್ಟಲು ಅನ್ನವನ್ನು ಅರ್ಧ ಗಂಟೆ ಅಗಿಯುತ್ತಿದ್ದಳು.

ಬಾಗಿಲು ರಿಪೇರಿಯವನು ಬಂದು ನೋಡಿದ. "ಹೊಸ ತೂಕ ಹಾಕ್ಕೊಡ್ತೀನಿ ಮೇಡಂ. ಆದ್ರೆ ಹಳೇ ದನಿ ಉಳಿಯಲ್ಲ."

"ನಾಳೆ ಬನ್ನಿ," ಎಂದಳು, ಮೂರನೆಯ ಸಲ.

ಆ ಸಂಜೆ ದಿನಸಿ ಅಂಗಡಿಯಲ್ಲಿ ಇಪ್ಪತ್ತೈದು ಕಿಲೋ ಅಕ್ಕಿಮೂಟೆ ಕೊಂಡಳು.

"ಮನೇಲಿ ಏನಕ್ಕಾ ವಿಶೇಷ?" ಅಂಗಡಿಯವನು ಕೇಳಿದ.

"ಏನಿಲ್ಲಪ್ಪ, ಅಮ್ಮ ಕಾಯ್ತಿರ್ತಾಳೆ."

ಆಟೋದವನು ಗೇಟಿನ ಬಳಿ ಇಳಿಸಿಹೋದ ಮೂಟೆಯನ್ನು ಎದೆಗವಚಿಕೊಂಡು ಅವಳು ಕಲ್ಲಿನ ಮೇಲೆ ನಿಂತಳು.

"ಬಂದ್ಯಾ ನಳಿನಿ? ಎಷ್ಟು ಸೊರಗಿದ್ದೀಯೇ!"

"ಹೂಂ ಅಮ್ಮ," ಎಂದಳು.

ಬಾಗಿಲು ತೆರೆದುಕೊಂಡಿತು. ಆದರೂ ಅವಳು ಒಳಗೆ ಹೋಗಲಿಲ್ಲ, ಮೂಟೆಯನ್ನೂ ಇಳಿಸಲಿಲ್ಲ. ಕಲ್ಲು ಬಿಟ್ಟರೆ ದನಿ ನಿಲ್ಲುತ್ತದೆ; ಮೂಟೆ ಇಳಿಸಿದರೆ ಅಮ್ಮ ಮತ್ತೆ ಯಾರೆಂದು ಕೇಳುತ್ತಾಳೆ.